ಹಳೆಯ ಕಡತದ ಹೊಣೆ: ಬಿಟ್‌ಕಾಯಿನ್ ವಾಲೆಟ್ ತಂತ್ರಾಂಶದ ಪುನಾರಚನೆಯ ಇತಿಹಾಸ

2009ರ ಜನವರಿಯಲ್ಲಿ ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಹೊರಬಂದ ಬಿಟ್‌ಕಾಯಿನ್‌ನ ಮೊದಲ ತಂತ್ರಾಂಶವು ವಿಂಡೋಸ್ ಗಣಕಗಳಿಗಾಗಿ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದ ಒಂದೇ ಪ್ರೋಗ್ರಾಂ ಆಗಿತ್ತು. ಜಾಲದ ಇತರ ಗಣಕಗಳೊಡನೆ ಸಂಪರ್ಕ, ವಹಿವಾಟುಗಳ ತಪಾಸಣೆ, ಹೊಸ ನಾಣ್ಯಗಳ ಗಣಿಗಾರಿಕೆ, ಪರದೆಯ ಮೇಲಿನ ಕಿಟಕಿಗಳು, ಬಳಕೆದಾರನ ಹಣದ ನಿರ್ವಹಣೆ ಎಲ್ಲವೂ ಅದರೊಳಗೆ ಹೆಣೆದುಕೊಂಡಿದ್ದವು. ಈ ಕೊನೆಯ ಕೆಲಸವನ್ನು ಮಾಡುವ ಭಾಗವೇ ವಾಲೆಟ್. ಯಾವ ವಿಳಾಸಕ್ಕೆ ಎಷ್ಟು ಮೊತ್ತ ಸೇರಿದೆ ಎಂಬ ಲೆಕ್ಕವು ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ದಾಖಲೆಯಲ್ಲಿ ಎಲ್ಲರಿಗೂ ಕಾಣುವಂತೆ ಇರುವುದರಿಂದ, ವಾಲೆಟ್ ಕಾಯಬೇಕಾದದ್ದು ಆ ಮೊತ್ತವನ್ನು ಖರ್ಚು ಮಾಡುವಾಗ ಸಹಿ ಹಾಕಲು ಬೇಕಾಗುವ ಗುಟ್ಟಿನ ಸಂಖ್ಯೆಗಳನ್ನು, ಅಂದರೆ ಖಾಸಗಿ ಕೀಲಿಗಳನ್ನು. ಕೀಲಿ ಅಳಿಸಿಹೋದರೆ ಹಣ ಯಾರ ಕೈಗೂ ಸಿಗದಂತೆ ಉಳಿದುಬಿಡುತ್ತದೆ, ಅದರ ನಕಲು ಬೇರೊಬ್ಬರಿಗೆ ಸಿಕ್ಕಿದರೆ ಹಣ ಅವರದಾಗುತ್ತದೆ. ಎರಡೂ ಸಂದರ್ಭಗಳಲ್ಲಿ ದೂರು ಕೇಳಿ ಸರಿಪಡಿಸುವ ಬ್ಯಾಂಕಾಗಲಿ ಅಧಿಕಾರಿಯಾಗಲಿ ಇಲ್ಲ.

ತಂತ್ರಾಂಶದ ಹೊರಗಿನ ವರ್ತನೆಯನ್ನು ಬದಲಿಸದೆ ಒಳಗಿನ ರಚನೆಯನ್ನು ಮಾತ್ರ ಬದಲಿಸುವ ಕೆಲಸವನ್ನು ರಿಫ್ಯಾಕ್ಟರಿಂಗ್ ಅಥವಾ ಪುನಾರಚನೆ ಎನ್ನುತ್ತಾರೆ. ಇತರ ತಂತ್ರಾಂಶಗಳಲ್ಲಿ ಇದು ಮುಖ್ಯವಾಗಿ ಅಚ್ಚುಕಟ್ಟುತನದ ಪ್ರಶ್ನೆ. ಬಿಟ್‌ಕಾಯಿನ್ ವಾಲೆಟ್‌ನಲ್ಲಿ ಮಾತ್ರ ಅದು ಮೊದಲಿನಿಂದಲೂ ಹೊಣೆಗಾರಿಕೆಯ ಪ್ರಶ್ನೆಯಾಗಿದೆ, ಏಕೆಂದರೆ 2009ರಲ್ಲಿ ಯಾರೋ ನಕಲು ಮಾಡಿಟ್ಟ ಕೀಲಿಗಳ ಕಡತವೊಂದು ಎಷ್ಟು ವರ್ಷಗಳ ನಂತರ ಹೊರಬಂದರೂ ತೆರೆದುಕೊಳ್ಳಬೇಕು ಎಂಬ ಕಟ್ಟುಪಾಡನ್ನು ಅದನ್ನು ಬರೆಯುವವರು ಒಪ್ಪಿಕೊಂಡೇ ಬಂದಿದ್ದಾರೆ. ಈ ತಂತ್ರಾಂಶದ ಬೆಳವಣಿಗೆ ಹೊರಗಿನವರಿಗೆ ಅತಿ ನಿಧಾನವೆಂದು ತೋರುವುದಕ್ಕೆ ಈ ಕಟ್ಟುಪಾಡೇ ಮುಖ್ಯ ಕಾರಣ; ಆ ನಿಧಾನವು ಸಮರ್ಥನೀಯವೆಂಬುದನ್ನು ಅದರ ಚರಿತ್ರೆಯೇ ತೋರಿಸುತ್ತದೆ.

ನಕಾಮೊಟೊ ಕೀಲಿಗಳನ್ನು ವಾಲೆಟ್.ಡ್ಯಾಟ್ ಎಂಬ ಕಡತದಲ್ಲಿ, ಬರ್ಕ್‌ಲಿ ಡಿಬಿ ಎಂಬ ಹಳೆಯ ಡೇಟಾಬೇಸ್ ತಂತ್ರಾಂಶದ ನೆರವಿನಿಂದ ಇಟ್ಟರು. ಪ್ರತಿ ಬಾರಿ ಹೊಸ ವಿಳಾಸ ಬೇಕಾದಾಗ ಹೊಸದೊಂದು ಕೀಲಿಯನ್ನು ಯಾದೃಚ್ಛಿಕವಾಗಿ, ಅಂದರೆ ಮೊದಲಿನ ಕೀಲಿಗಳೊಡನೆ ಯಾವ ಸಂಬಂಧವೂ ಇಲ್ಲದಂತೆ ಸೃಷ್ಟಿಸಿ ಕಡತಕ್ಕೆ ಸೇರಿಸಲಾಗುತ್ತಿತ್ತು. ಈ ಏರ್ಪಾಡಿನ ಅಪಾಯ 2010ರ ಆಗಸ್ಟ್‌ನಲ್ಲಿ ಬಯಲಾಯಿತು. ನೂರರ ನೋಟು ಕೊಟ್ಟು ಹತ್ತು ರೂಪಾಯಿಯ ಸಾಮಾನು ಕೊಂಡವನಿಗೆ ತೊಂಬತ್ತು ರೂಪಾಯಿ ಚಿಲ್ಲರೆ ಬರುವಂತೆ, ಬಿಟ್‌ಕಾಯಿನ್‌ನಲ್ಲಿಯೂ ಹಿಂದೆ ಬಂದ ಮೊತ್ತವನ್ನು ಇಡಿಯಾಗಿ ಖರ್ಚು ಮಾಡಿ ಉಳಿದದ್ದನ್ನು ಹಿಂಪಡೆಯಬೇಕಾಗುತ್ತದೆ, ಮತ್ತು ಆ ಚಿಲ್ಲರೆ ಹಳೆಯ ವಿಳಾಸಕ್ಕೆ ಮರಳದೆ ಹೊಸ ಕೀಲಿಯೊಂದಕ್ಕೆ ಸೇರುತ್ತದೆ. ಸುಮಾರು 9,000 ಬಿಟ್‌ಕಾಯಿನ್ ಹೊಂದಿದ್ದ ಬಳಕೆದಾರನೊಬ್ಬ ವಾಲೆಟ್‌ನ ಬ್ಯಾಕಪ್ ತೆಗೆದುಕೊಂಡ ಮೇಲೆ ಒಂದೇ ಒಂದು ನಾಣ್ಯವನ್ನು ವರ್ಗಾಯಿಸಿ, ಆ ಬಳಿಕ ಹಳೆಯ ಬ್ಯಾಕಪ್‌ನಿಂದ ವಾಲೆಟ್ ಅನ್ನು ಮರುಸ್ಥಾಪಿಸಿದಾಗ, ಚಿಲ್ಲರೆ ಸೇರಿದ್ದ ಕೀಲಿ ಅದರಲ್ಲಿ ಇರಲಿಲ್ಲ. ಉಳಿದೆಲ್ಲ ನಾಣ್ಯಗಳೂ ಕೈತಪ್ಪಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ 0.3.14 ಆವೃತ್ತಿಯಲ್ಲಿ 100 ಕೀಲಿಗಳನ್ನು ಮುಂಗಡವಾಗಿ ತಯಾರಿಸಿಡುವ ಕೀಪೂಲ್ ಎಂಬ ಸೌಲಭ್ಯ ಸೇರಿತು. ಇದರಿಂದ ಬ್ಯಾಕಪ್‌ನ ಆಯುಷ್ಯ ಹೆಚ್ಚಿತೇ ಹೊರತು ಮೂಲ ದೋಷ ನೀಗಲಿಲ್ಲ, ನೂರೊಂದನೆಯ ಕೀಲಿಯ ಹೊತ್ತಿಗೆ ಹೊಸ ಬ್ಯಾಕಪ್ ಬೇಕೇ ಬೇಕಿತ್ತು.

ಆ ಕಡತದಲ್ಲಿ ಕೀಲಿಗಳು ಯಾವ ಮರೆಯೂ ಇಲ್ಲದೆ, ಇದ್ದ ಹಾಗೇ ಇರುತ್ತಿದ್ದವು. 2011ರ ಜೂನ್‌ನಲ್ಲಿ ಒಬ್ಬ ಬಳಕೆದಾರನ ಗಣಕದಿಂದ 25,000 ಬಿಟ್‌ಕಾಯಿನ್, ಅಂದಿನ ಬೆಲೆಯಲ್ಲಿ ಸುಮಾರು 5 ಲಕ್ಷ ಡಾಲರ್, ಕಳುವಾಯಿತು. ಅದೇ ವಾರ ಸಿಮ್ಯಾಂಟೆಕ್ ಎಂಬ ಗಣಕ ಭದ್ರತಾ ಸಂಸ್ಥೆಯು ವಾಲೆಟ್.ಡ್ಯಾಟ್ ಕಡತವನ್ನು ಹುಡುಕಿ ಕಳ್ಳರಿಗೆ ರವಾನಿಸುವ ಕುತಂತ್ರಾಂಶವೊಂದನ್ನು ಗುರುತಿಸಿತು. ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ 0.4.0 ಆವೃತ್ತಿಯು ಇದಕ್ಕೆ ಉತ್ತರವಾಗಿ ಎನ್‌ಕ್ರಿಪ್ಷನ್ ಅನ್ನು, ಅಂದರೆ ಗುಪ್ತಪದ ತಿಳಿಯದವರು ಓದಲಾಗದಂತೆ ಕೀಲಿಗಳನ್ನು ಸಂಕೇತರೂಪಕ್ಕೆ ತಿರುಗಿಸುವ ಏರ್ಪಾಡನ್ನು ತಂದಿತು. ಅದರ ವಿನ್ಯಾಸ ಇಂದಿಗೂ ಗೌರವಕ್ಕೆ ಅರ್ಹವಾಗಿದೆ. ಯಾದೃಚ್ಛಿಕವಾದ ಒಂದು ಒಡೆಯ ಕೀಲಿಯು ಎಇಎಸ್-256 ವಿಧಾನದಿಂದ ಎಲ್ಲ ಖಾಸಗಿ ಕೀಲಿಗಳನ್ನು ಮುಚ್ಚುತ್ತದೆ. ಗುಪ್ತಪದವನ್ನು ಎಸ್‌ಎಚ್‌ಎ-512 ಎಂಬ ಗಣಿತಕ್ರಿಯೆಗೆ ಸಾವಿರಾರು ಬಾರಿ ಒಳಪಡಿಸಿ ಪಡೆದ ಮತ್ತೊಂದು ಕೀಲಿಯು ಆ ಒಡೆಯ ಕೀಲಿಯನ್ನು ಮುಚ್ಚುತ್ತದೆ. ಹೀಗಿರುವುದರಿಂದ ಗುಪ್ತಪದ ಬದಲಿಸಿದಾಗ ಒಡೆಯ ಕೀಲಿಯೊಂದನ್ನು ಮಾತ್ರ ಮತ್ತೆ ಮುಚ್ಚಿದರೆ ಸಾಕು, ಮತ್ತು ಆವರ್ತನೆಗಳ ಸಂಖ್ಯೆ ದೊಡ್ಡದಿರುವುದರಿಂದ ಗುಪ್ತಪದಗಳನ್ನು ಒಂದೊಂದಾಗಿ ಊಹಿಸುತ್ತ ಹೋಗುವ ಕಳ್ಳನ ಕೆಲಸ ದುಬಾರಿಯಾಗುತ್ತದೆ. ವಿಳಾಸಗಳೂ ವಹಿವಾಟುಗಳೂ ತೆರೆದೇ ಉಳಿದದ್ದರಿಂದ ಹಣ ಬಂದಿದೆಯೇ ಎಂದು ನೋಡಲು ಗುಪ್ತಪದ ಬೇಕಾಗುತ್ತಿರಲಿಲ್ಲ.

ದೋಷ ಅಡಗಿದ್ದದ್ದು ಕೆಳಗಿನ ಪದರದಲ್ಲಿ. ಬರ್ಕ್‌ಲಿ ಡಿಬಿ ದಾಖಲೆಯೊಂದನ್ನು ಅಳಿಸಿದಾಗ ಆ ಜಾಗ ಖಾಲಿಯಾಗಿದೆಯೆಂದು ಗುರುತು ಹಾಕುತ್ತದೆಯೇ ಹೊರತು ಅಲ್ಲಿದ್ದ ಅಂಕಿಗಳನ್ನು ಒರೆಸಿಹಾಕುವುದಿಲ್ಲವಾದ್ದರಿಂದ, ಎನ್‌ಕ್ರಿಪ್ಟ್ ಮಾಡಿದ ಕಡತದ ಒಳಗೇ ಹಳೆಯ ತೆರೆದ ಕೀಲಿಗಳು ಉಳಿದುಕೊಳ್ಳುವ ಸಾಧ್ಯತೆಯಿತ್ತು. ತಮ್ಮ ಹಣ ಭದ್ರವಾಯಿತೆಂದು ನಂಬಿದ ಬಳಕೆದಾರರ ಪಾಲಿಗೆ ಇದು ಎನ್‌ಕ್ರಿಪ್ಷನ್ ಇಲ್ಲದಿರುವುದಕ್ಕಿಂತಲೂ ಅಪಾಯಕಾರಿಯಾದ ಸ್ಥಿತಿ. ನವೆಂಬರ್‌ನ 0.5.0 ಆವೃತ್ತಿಯಲ್ಲಿ ಇದನ್ನು ತಿದ್ದಲಾಯಿತು: ಕಡತವನ್ನು ಇಡಿಯಾಗಿ ಹೊಸದಾಗಿ ಬರೆಯಲಾಗುತ್ತಿತ್ತು, ಮುಂಗಡ ಕೀಲಿಗಳನ್ನು ಕೈಬಿಟ್ಟು ಹೊಸ ಕೀಲಿಗಳನ್ನು ಸೃಷ್ಟಿಸಲಾಗುತ್ತಿತ್ತು, ಹಳೆಯ ಬ್ಯಾಕಪ್ ಇನ್ನು ಉಪಯೋಗಕ್ಕೆ ಬಾರದೆಂದು ಬಳಕೆದಾರನಿಗೆ ಎಚ್ಚರಿಕೆ ಕೊಡಲಾಗುತ್ತಿತ್ತು. ತನ್ನ ಕೆಳಗಿನ ಡೇಟಾಬೇಸ್ ಏನನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನು ಅರಿಯದ ವಾಲೆಟ್ ತನ್ನ ಗುಟ್ಟನ್ನೂ ಕಾಯಲಾರದು ಎಂಬ ತಿಳಿವಳಿಕೆ ಡೆವಲಪರ್‌ಗಳಲ್ಲಿ ಬೇರೂರಿದ್ದು ಇಲ್ಲಿಂದಲೇ ಎನ್ನಬಹುದು.

ಇದೇ 2011ರಲ್ಲಿ ಡೆವಲಪರ್ ಪೀಟರ್ ವ್ಯೂಲ ಅವರು ಕೀಲಿಗಳ ನಿರ್ವಹಣೆಯನ್ನು ಮೇನ್.ಸಿಪಿಪಿ ಎಂಬ ಬೃಹತ್ ಕಡತದಿಂದ ಹೊರತೆಗೆದು ಪ್ರತ್ಯೇಕ ಘಟಕವನ್ನಾಗಿ ಮಾಡಿದರು. 2014ರ ಮಾರ್ಚ್‌ನ 0.9.0 ಆವೃತ್ತಿಯ ಹೊತ್ತಿಗೆ, ತಂತ್ರಾಂಶಕ್ಕೆ ಬಿಟ್‌ಕಾಯಿನ್ ಕೋರ್ ಎಂಬ ಹೆಸರು ಬಂದಾಗ, ವಾಲೆಟ್ ಇಲ್ಲದೆಯೇ ಅದನ್ನು ನಡೆಸುವುದು ಸಾಧ್ಯವಾಗಿತ್ತು. ಈ ಕೆಲಸದಲ್ಲಿ ರೂಢಿಗೆ ಬಂದ ಒಂದು ಶಿಸ್ತು ಗಮನಾರ್ಹವಾದುದು. ಕೋಡ್‌ನ ತುಣುಕನ್ನು ಒಂದು ಕಡತದಿಂದ ಇನ್ನೊಂದಕ್ಕೆ ಸಾಗಿಸುವ ಬದಲಾವಣೆಯನ್ನೂ ಅದರ ವರ್ತನೆಯನ್ನು ತಿದ್ದುವ ಬದಲಾವಣೆಯನ್ನೂ ಎಂದಿಗೂ ಬೆರೆಸಬಾರದು, ಸಾಗಣೆಯಾದರೆ ಸಾಗಣೆಯೆಂದೇ ಗುರುತು ಹಾಕಿ ಬೇರೆಯಾಗಿ ಸಲ್ಲಿಸಬೇಕು. ಆಗ ಪರಿಶೀಲಿಸುವವರು ಸಾವಿರ ಸಾಲುಗಳು ಅಕ್ಷರಶಃ ಹಾಗೆಯೇ ಜಾಗ ಬದಲಿಸಿವೆಯೆಂದು ಯಂತ್ರದ ನೆರವಿನಿಂದ ಖಚಿತಪಡಿಸಿಕೊಂಡು, ನಿಜವಾಗಿ ಬದಲಾದ ಹತ್ತು ಸಾಲುಗಳ ಮೇಲೆ ಮನಸ್ಸಿಡಬಹುದು.

ಸಹಿ ಹಾಕುವ ಗಣಿತವೂ ಆಗ ಹೊರಗಿನಿಂದ ಎರವಲು ತಂದದ್ದಾಗಿತ್ತು. ವೆಬ್ ಸಂಪರ್ಕಗಳ ಭದ್ರತೆಗೆಂದು ರೂಪುಗೊಂಡ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶ ಸಂಗ್ರಹವನ್ನೇ ನಕಾಮೊಟೊ ಬಳಸಿದ್ದರು. 2014ರ ಏಪ್ರಿಲ್‌ನಲ್ಲಿ ಅದರಲ್ಲಿ ಹಾರ್ಟ್‌ಬ್ಲೀಡ್ ಎಂಬ ಕುಖ್ಯಾತ ದೋಷ ಪತ್ತೆಯಾದಾಗ ಬಿಟ್‌ಕಾಯಿನ್ ಕೋರ್ ಕೂಡ ತುರ್ತಾಗಿ 0.9.1 ಆವೃತ್ತಿಯನ್ನು ಹೊರತರಬೇಕಾಯಿತು, ಏಕೆಂದರೆ ವರ್ತಕರ ತಾಣಗಳಿಂದ ಪಾವತಿಯ ಕೋರಿಕೆಯನ್ನು ಪಡೆಯಲು ಆಗಷ್ಟೇ ಸೇರಿಸಿದ್ದ ಸೌಲಭ್ಯವು ವಾಲೆಟ್ ಅನ್ನು ಆ ದೋಷಕ್ಕೆ ಒಡ್ಡಿತ್ತು. ಇದಕ್ಕೂ ಮೊದಲು, 2013ರ ಆಗಸ್ಟ್‌ನಲ್ಲಿ, ಆಂಡ್ರಾಯ್ಡ್ ಫೋನುಗಳ ಯಾದೃಚ್ಛಿಕ ಸಂಖ್ಯೆಗಳ ಮೂಲದಲ್ಲಿದ್ದ ದೋಷದಿಂದ ಹಲವು ಮೊಬೈಲ್ ವಾಲೆಟ್‌ಗಳು ಎರಡು ಸಹಿಗಳಿಗೆ ಒಂದೇ ಗುಪ್ತ ಸಂಖ್ಯೆಯನ್ನು ಬಳಸಿದ್ದವು. ಹಾಗಾದಾಗ ಆ ಎರಡು ಸಹಿಗಳಿಂದಲೇ ಖಾಸಗಿ ಕೀಲಿಯನ್ನು ಲೆಕ್ಕಹಾಕಿ ತೆಗೆಯಬಹುದು. ವ್ಯೂಲ ಮತ್ತು ಸಂಗಡಿಗರು ಬಿಟ್‌ಕಾಯಿನ್‌ನ ಸಹಿಗಳಿಗಾಗಿಯೇ ಸಿದ್ಧಪಡಿಸಿದ ಲಿಬ್‌ಸೆಕ್‌ಪಿ256ಕೆ1 ಎಂಬ ಸಂಗ್ರಹವು 2015ರ 0.10 ಆವೃತ್ತಿಯಲ್ಲಿ ಸಹಿ ಹಾಕುವ ಕೆಲಸವನ್ನು ವಹಿಸಿಕೊಂಡಿತು. ಅದರಲ್ಲಿ ಪ್ರತಿ ಸಹಿಯ ಗುಪ್ತ ಸಂಖ್ಯೆಯು ಕೀಲಿ ಮತ್ತು ಸಂದೇಶಗಳಿಂದಲೇ ನಿಶ್ಚಿತವಾಗಿ ಹುಟ್ಟುವುದರಿಂದ ಆಂಡ್ರಾಯ್ಡ್‌ನ ಅನಾಹುತಕ್ಕೆ ಆಸ್ಪದವೇ ಇಲ್ಲ. ಈ ಹೊಸ ಸಂಗ್ರಹವನ್ನು ಪರೀಕ್ಷಿಸುವ ಹಾದಿಯಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಸಂಖ್ಯೆಗಳ ವರ್ಗವನ್ನು ಕಂಡುಹಿಡಿಯುವ ಲೆಕ್ಕದಲ್ಲೇ ಅಪರೂಪಕ್ಕೆ ತಪ್ಪು ಉತ್ತರ ಬರುತ್ತಿದ್ದ ದೋಷವೊಂದು ಪತ್ತೆಯಾದದ್ದು, ಜಗತ್ತಿನ ಬಹುಪಾಲು ಸರ್ವರ್‌ಗಳು ನೆಚ್ಚಿಕೊಂಡಿದ್ದ ತಂತ್ರಾಂಶಕ್ಕೆ ಈ ಸಣ್ಣ ಗುಂಪು ಸಲ್ಲಿಸಿದ ದೊಡ್ಡ ಸೇವೆ. 2020ರ 0.20 ಆವೃತ್ತಿಯಲ್ಲಿ ಓಪನ್‌ಎಸ್‌ಎಸ್‌ಎಲ್ ಪೂರ್ತಿಯಾಗಿ ಹೊರಬಿದ್ದಿತು.

ಬ್ಯಾಕಪ್‌ನ ಮೂಲ ಸಮಸ್ಯೆಗೆ ಪರಿಹಾರ ಬಂದದ್ದು ಒಂದೇ ಬೀಜಸಂಖ್ಯೆಯಿಂದ ಎಲ್ಲ ಕೀಲಿಗಳನ್ನೂ ಗಣಿತದ ಮೂಲಕ ಪಡೆಯುವ ವಿಧಾನದಿಂದ. ವ್ಯೂಲ ಅದನ್ನು 2012ರಲ್ಲಿಯೇ ಬಿಪ್-32 ಎಂಬ ಪ್ರಸ್ತಾವನೆಯಾಗಿ ಮಂಡಿಸಿದ್ದರೂ ಬಿಟ್‌ಕಾಯಿನ್ ಕೋರ್ ಅಳವಡಿಸಿಕೊಂಡದ್ದು 2016ರ ಆಗಸ್ಟ್‌ನ 0.13.0 ಆವೃತ್ತಿಯಲ್ಲಿ, ಅದೂ ಹೊಸ ವಾಲೆಟ್‌ಗಳಿಗೆ ಮಾತ್ರ.

ಅದಕ್ಕಿಂತ ಆಳವಾದ ತೊಡಕು ಮತ್ತೊಂದಿತ್ತು: ಯಾವ ಹಣ ತನ್ನದು ಎಂಬ ಪ್ರಶ್ನೆಗೆ ವಾಲೆಟ್‌ನ ಬಳಿ ಸ್ಪಷ್ಟವಾದ ಉತ್ತರವಿರಲಿಲ್ಲ. ಒಂದೇ ಕೀಲಿಗೆ ಹಣ ಕಳುಹಿಸುವ ವಿಧಗಳು ವರ್ಷಗಳೊಡನೆ ಹೆಚ್ಚುತ್ತ ಹೋದವು, 2017ರ ಸೆಗ್‌ವಿಟ್ ಎಂಬ ವಹಿವಾಟು ರೂಪದ ಸುಧಾರಣೆಯ ನಂತರ ಇನ್ನಷ್ಟು ಸೇರಿದವು. ಹಳೆಯ ವಾಲೆಟ್ ತನ್ನಲ್ಲಿರುವ ಕೀಲಿಗಳ ರಾಶಿಯನ್ನು ನೋಡಿ, ಬಂದ ಪ್ರತಿ ಪಾವತಿಯೂ ತನಗೆ ಸೇರಿದ್ದೇ ಎಂದು ತರ್ಕದಿಂದ ಊಹಿಸಬೇಕಾಗಿತ್ತು. ಡಿಸ್ಕ್ರಿಪ್ಟರ್ ಎಂಬ ಹೊಸ ಕಲ್ಪನೆ ಇದನ್ನು ತಲೆಕೆಳಗು ಮಾಡಿತು. ಯಾವ ಕೀಲಿಗಳಿಂದ, ಯಾವ ಕ್ರಮದಲ್ಲಿ, ಯಾವ ಬಗೆಯ ವಿಳಾಸಗಳು ಹುಟ್ಟಬೇಕೆಂಬುದನ್ನು ಒಂದು ಸಾಲಿನ ಪಠ್ಯವಾಗಿ, ತಪ್ಪು ಹಿಡಿಯುವ ಎಂಟು ಅಕ್ಷರಗಳ ಬಾಲದೊಡನೆ ಬರೆದಿಡುವುದೇ ಡಿಸ್ಕ್ರಿಪ್ಟರ್. ಅದರಲ್ಲಿ ಹೇಳಿದ್ದು ವಾಲೆಟ್‌ನದು, ಹೇಳದಿರುವುದು ಅಲ್ಲ. ಡೆವಲಪರ್ ಎವಾ ಚೌ ಅವರ ಹಲವು ವರ್ಷಗಳ ದುಡಿಮೆಯ ಫಲವಾಗಿ 2021ರ ಜನವರಿಯ 0.21 ಆವೃತ್ತಿಯಲ್ಲಿ ಪ್ರಾಯೋಗಿಕವಾಗಿ ಬಂದ ಈ ವಾಲೆಟ್‌ಗಳು ಬರ್ಕ್‌ಲಿ ಡಿಬಿಯನ್ನು ಬಿಟ್ಟು ಎಸ್‌ಕ್ಯೂಲೈಟ್ ಡೇಟಾಬೇಸ್ ಅನ್ನು ಹಿಡಿದವು, 2022ರ 23.0 ಆವೃತ್ತಿಯಿಂದ ಹೊಸ ಬಳಕೆದಾರರಿಗೆಲ್ಲ ಅವೇ ಸಿಗತೊಡಗಿದವು. ಇದಕ್ಕೆ ಮೊದಲು ಹಳೆಯ ಕೀಲಿನಿರ್ವಹಣೆಯನ್ನೆಲ್ಲ, ಅದರ ವಿಚಿತ್ರಗಳ ಸಮೇತ, ಒಂದು ಪೆಟ್ಟಿಗೆಯೊಳಗೆ ಸೇರಿಸಿ ಹೊಸದನ್ನು ಅದರ ಪಕ್ಕದಲ್ಲಿ ಕಟ್ಟುವ ಪುನಾರಚನೆ ನಡೆದಿತ್ತು, ಮತ್ತು ಆ ಎಚ್ಚರಿಕೆ ಇರದಿದ್ದರೆ ಮುಂದಿನ ಹೆಜ್ಜೆ ಸಾಧ್ಯವಾಗುತ್ತಿರಲಿಲ್ಲ.

ಅವಸರದ ಬೆಲೆಯನ್ನು ಇದಕ್ಕೂ ಮೊದಲೇ ಇಥೀರಿಯಂ ಎಂಬ ಬೇರೊಂದು ಕ್ರಿಪ್ಟೋ ಜಾಲದ ಪ್ಯಾರಿಟಿ ವಾಲೆಟ್ ತೆತ್ತಿತ್ತು. ಹಲವರ ಸಹಿ ಬೇಕಾಗುವ ಆ ವಾಲೆಟ್ ಅನ್ನು ಶುಲ್ಕದ ಉಳಿತಾಯಕ್ಕಾಗಿ, ಪ್ರತಿ ಬಳಕೆದಾರನಿಗೊಂದು ಚಿಕ್ಕ ಒಪ್ಪಂದ (ಅಂದರೆ ಜಾಲದ ಮೇಲೆಯೇ ನಡೆಯುವ ಪ್ರೋಗ್ರಾಂ) ಮತ್ತು ಎಲ್ಲರಿಗೂ ಸಾಮಾನ್ಯವಾದ ಒಂದು ಗ್ರಂಥಾಲಯ ಒಪ್ಪಂದ ಎಂದು ಒಡೆಯಲಾಗಿತ್ತು. ಒಡೆಯುವಾಗ, ವಾಲೆಟ್ ಹುಟ್ಟುವ ಕ್ಷಣದಲ್ಲಿ ಒಮ್ಮೆ ಮಾತ್ರ ನಡೆಯಬೇಕಿದ್ದ ಒಡೆತನದ ನೋಂದಣಿ ಯಾರು ಯಾವಾಗ ಬೇಕಾದರೂ ಕರೆಯಬಹುದಾದ ಕ್ರಿಯೆಯಾಗಿಬಿಟ್ಟಿತು. 2017ರ ಜುಲೈಯಲ್ಲಿ ಆ ಜಾಲದ ನಾಣ್ಯವಾದ ಈಥರ್ ಸುಮಾರು 1,53,000ದಷ್ಟು ಕಳುವಾಯಿತು. ಮರುದಿನವೇ ಹೊರಬಂದ ತಿದ್ದಿದ ಗ್ರಂಥಾಲಯಕ್ಕೆ ಸ್ವತಃ ಒಡೆಯನನ್ನು ನೇಮಿಸಿರಲಿಲ್ಲ. ನವೆಂಬರ್ 6ರಂದು ಒಬ್ಬ ಅಪರಿಚಿತ ಅದರ ಒಡೆತನ ಪಡೆದು ಅದನ್ನು ಅಳಿಸಿಹಾಕಿದಾಗ, ಅದನ್ನೇ ನೆಚ್ಚಿದ್ದ 587 ವಾಲೆಟ್‌ಗಳ 5,13,774 ಈಥರ್ ಶಾಶ್ವತವಾಗಿ ಸ್ತಬ್ಧವಾಯಿತು.

ಬಿಟ್‌ಕಾಯಿನ್ ಕೋರ್ ತನ್ನ ಹಳೆಯ ಕಡತದಿಂದ ಬಿಡಿಸಿಕೊಂಡ ಬಗೆ ಇದಕ್ಕೆ ವಿರುದ್ಧವಾದುದು. ಹಳೆಯ ವಾಲೆಟ್ ಅನ್ನು ಹೊಸ ರೂಪಕ್ಕೆ ಪರಿವರ್ತಿಸುವ ಆದೇಶವು 2022ರ ಕೊನೆಯ 24.0 ಆವೃತ್ತಿಯಲ್ಲಿ ಬಂದಿತು, 2024ರ 28.0 ಆವೃತ್ತಿಯಲ್ಲಿ, ಬರ್ಕ್‌ಲಿ ಡಿಬಿಯ ನೆರವಿಲ್ಲದೆಯೇ ಆ ಕಡತಗಳನ್ನು ಓದುವ, ಆದರೆ ಎಂದಿಗೂ ಬರೆಯದ, ಸ್ವಂತದ ಓದುಗವೊಂದನ್ನು ಡೆವಲಪರ್‌ಗಳೇ ಸೇರಿಸಿದರು. ಇಷ್ಟೆಲ್ಲ ಆದ ಮೇಲೆ 2025ರ ಅಕ್ಟೋಬರ್‌ನ 30.0 ಆವೃತ್ತಿಯಲ್ಲಿ ಹಳೆಯ ವಾಲೆಟ್‌ಗಳ ಬಳಕೆಯನ್ನು ಕೊನೆಗಾಣಿಸಿ, ಪರಿವರ್ತನೆಯ ದಾರಿಯನ್ನು ಮಾತ್ರ ತೆರೆದಿಟ್ಟರು. ಉಳಿದಿರುವ ದೊಡ್ಡ ಕೆಲಸವೆಂದರೆ ಡೆವಲಪರ್ ರಸೆಲ್ ಯಾನೋಫ್ಸ್ಕಿ ಅವರು ವರ್ಷಗಳಿಂದ ನಡೆಸುತ್ತಿರುವ ಪ್ರಕ್ರಿಯೆಗಳ ವಿಭಜನೆ. ಜಾಲ, ವಾಲೆಟ್ ಮತ್ತು ಪರದೆ ಮೂರೂ ಒಂದೇ ಸ್ಮೃತಿಯನ್ನು ಹಂಚಿಕೊಳ್ಳುವ ಬದಲು ಬೇರೆ ಬೇರೆ ಪ್ರೋಗ್ರಾಂಗಳಾಗಿ ನಡೆದು, ಗೊತ್ತಾದ ಕೆಲವೇ ಸಂದೇಶಗಳ ಮೂಲಕ ಮಾತ್ರ ವ್ಯವಹರಿಸಬೇಕೆಂಬುದು ಅದರ ಗುರಿ. ಅದು ಪೂರ್ತಿಯಾದಾಗ, ಜಗತ್ತಿನ ಯಾವ ಮೂಲೆಯಿಂದಲೂ ಸಂದೇಶ ಪಡೆಯುವ ಜಾಲದ ಭಾಗದಲ್ಲಿ ದೋಷ ಕಂಡುಬಂದರೂ ಖಾಸಗಿ ಕೀಲಿಗಳಿರುವ ಸ್ಮೃತಿಗೆ ಅಲ್ಲಿಂದ ನೇರ ದಾರಿ ಇರುವುದಿಲ್ಲ.