ಮನೆ ಡಾಕ್ಟರ ಚರಿತ್ರೆಗೊಂದು ಫೆಲೋಶಿಪ್

ಕಾನ್ಸಾಸ್ ರಾಜ್ಯದ ಲೀವುಡ್ ಪಟ್ಟಣದಲ್ಲಿ ಅಮೆರಿಕದ ಕುಟುಂಬ ವೈದ್ಯರ ಅಕಾಡೆಮಿಯ ಕೇಂದ್ರ ಕಚೇರಿ ಇದೆ. ಅಕಾಡೆಮಿಯ ಫೌಂಡೇಶನ್ ಅಲ್ಲಿ ಒಂದು ಪತ್ರಾಗಾರವನ್ನು ಕಾಪಾಡಿಕೊಂಡು ಬಂದಿದೆ. ‘ಸೆಂಟರ್ ಫಾರ್ ದಿ ಹಿಸ್ಟರಿ ಆಫ್ ಫ್ಯಾಮಿಲಿ ಮೆಡಿಸಿನ್’ ಎಂದು ಅದರ ಹೆಸರು. ಸಂಘಗಳ ನಡಾವಳಿ, ಮುಂದಾಳುಗಳ ಪತ್ರವ್ಯವಹಾರ, ಫೋಟೋಗಳು, ಧ್ವನಿಮುದ್ರಿತ ಸಂದರ್ಶನಗಳು ಅಲ್ಲಿ ಸೇರಿವೆ. ಅವನ್ನು ಓದಿ ಬರೆಯಬೇಕೆನ್ನುವವರಿಗೆ ಕೇಂದ್ರ ಒಂದು ಸಂಶೋಧನಾ ಫೆಲೋಶಿಪ್ ಕೊಡುತ್ತ ಬಂದಿದೆ. ವೈದ್ಯರೇ ಆಗಬೇಕೆಂದಿಲ್ಲ, ಇತಿಹಾಸಕಾರರು, ಅಧ್ಯಾಪಕರು, ಇತರ ಆರೋಗ್ಯ ವೃತ್ತಿಯವರು ಕೂಡ ಅರ್ಜಿ ಹಾಕಬಹುದು. ಕೈಗೆ ಬರುವುದು ದೊಡ್ಡ ಮೊತ್ತವೇನಲ್ಲ, ಹೋಗಿಬಂದು ಉಳಿದುಕೊಳ್ಳುವ ಖರ್ಚಿಗೆ ಒಂದು ಆಸರೆ. ನಮ್ಮ ಕನ್ನಡ ಕೂಟದ ಈ ಸಂಚಿಕೆಯಲ್ಲಿ ಅದರ ಪ್ರಸ್ತಾಪಕ್ಕೆ ಕಾರಣವಿದೆ. ಅಮೆರಿಕಕ್ಕೆ ಬಂದ ಕನ್ನಡಿಗ ವೈದ್ಯರಲ್ಲಿ ಸಣ್ಣ ಊರುಗಳಲ್ಲಿ ಮನೆ ಡಾಕ್ಟರಾಗಿ ಬದುಕು ಸವೆಸಿದವರಿದ್ದಾರೆ. ಅವರ ಚರಿತ್ರೆಯನ್ನು ಬರೆಯಲು ಬೇಕಾದ ಕಾಗದಪತ್ರಗಳು ಈಗ ನಮ್ಮ ಮನೆಗಳಲ್ಲೇ ಇವೆ, ಮತ್ತು ಅವು ಕಳೆದುಹೋಗುವ ಹೊತ್ತು ಹತ್ತಿರವಾಗಿದೆ.

ಸಾವಿರದಲ್ಲಿ ಒಬ್ಬರು

1961ರಲ್ಲಿ ಕೆರ್ ವೈಟ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಲೇಖನ ನಮ್ಮ ವೈದ್ಯ ವೃತ್ತಿಯವರಿಗೆಲ್ಲ ಪರಿಚಿತ. ಸಾವಿರ ಮಂದಿ ವಯಸ್ಕರನ್ನು ಒಂದು ತಿಂಗಳು ಗಮನಿಸಿದರೆ ಸುಮಾರು 750 ಮಂದಿಗೆ ಏನಾದರೊಂದು ಕಾಯಿಲೆ ಕಾಣಿಸಿಕೊಳ್ಳುತ್ತದೆ. 250 ಮಂದಿ ವೈದ್ಯರ ಬಳಿ ಹೋಗುತ್ತಾರೆ. 9 ಮಂದಿ ಆಸ್ಪತ್ರೆ ಸೇರುತ್ತಾರೆ. ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತುವವರು ಒಬ್ಬರು ಮಾತ್ರ ಎಂದು ಅವರು ಅಂದಾಜಿಸಿದರು. ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದದ್ದು ಮಾತ್ರ ಆ ಒಬ್ಬರ ಹಾಸಿಗೆಯ ಪಕ್ಕದಲ್ಲಿ ನಿಂತು.

ವೈದ್ಯಕೀಯದ ಚರಿತ್ರೆಗೂ ಇದೇ ಕೊರತೆ ಅಂಟಿಕೊಂಡಿದೆ. ದೊಡ್ಡ ಆಸ್ಪತ್ರೆಗೆ ವಾರ್ಷಿಕ ವರದಿಯಿದೆ, ಗ್ರಂಥಾಲಯವಿದೆ, ದಾನಿಗಳ ಹೆಸರು ಕೆತ್ತಿದ ಕಲ್ಲಿದೆ. ಹೊಸ ಶಸ್ತ್ರಚಿಕಿತ್ಸೆ ಕಂಡುಹಿಡಿದವರಿಗೆ ಜೀವನಚರಿತ್ರೆಗಳಿವೆ. ಆ ಇನ್ನೂರೈವತ್ತು ಮಂದಿಯನ್ನು ನೋಡಿದ ಡಾಕ್ಟರು ಕ್ಲಿನಿಕ್ ಮುಚ್ಚಿದ ದಿನ ಅವರ ಡೈರಿ, ಪತ್ರ, ಲೆಕ್ಕದ ಪುಸ್ತಕಗಳನ್ನು ಕೇಳುವವರು ಯಾರೂ ಇರುವುದಿಲ್ಲ. ಜನ ಅತಿ ಹೆಚ್ಚು ಪಡೆದ ಚಿಕಿತ್ಸೆಯೇ ಅತಿ ಕಡಿಮೆ ದಾಖಲೆ ಬಿಟ್ಟುಹೋಗಿದೆ. ಕುಟುಂಬ ವೈದ್ಯಕೀಯಕ್ಕೆಂದೇ ಒಂದು ಪತ್ರಾಗಾರ, ಅದನ್ನು ಓದುವವರಿಗೊಂದು ಫೆಲೋಶಿಪ್ ಬೇಕಾದದ್ದು ಇದಕ್ಕಾಗಿಯೇ.

ಅಳಿವಿನ ಅಂಚಿನಿಂದ

ಆ ಪತ್ರಾಗಾರದ ಹಿಂದೆ ಒಂದು ದೊಡ್ಡ ಹೋರಾಟವಿದೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಸ್ಪೆಷಲಿಸ್ಟರ ಕಾಲ ಬಂತು. ಯುವ ವೈದ್ಯರು ಜನರಲ್ ಪ್ರಾಕ್ಟೀಸಿಗೆ ಬೆನ್ನು ತಿರುಗಿಸಿದರು. ಆಸ್ಪತ್ರೆಗಳಲ್ಲಿ ಸಾಮಾನ್ಯ ವೈದ್ಯರಿಗಿದ್ದ ಅಧಿಕಾರ ಕುಗ್ಗತೊಡಗಿತು. ಅದಕ್ಕೆ ಉತ್ತರವಾಗಿ 1947ರಲ್ಲಿ ‘ಅಮೆರಿಕನ್ ಅಕಾಡೆಮಿ ಆಫ್ ಜನರಲ್ ಪ್ರಾಕ್ಟೀಸ್’ ಹುಟ್ಟಿತು. ಅದು ಹಕ್ಕು ಕೇಳುವ ಮೊದಲು ಹೊಣೆ ಹೊತ್ತಿತು. ಸದಸ್ಯರಾಗಿ ಉಳಿಯಬೇಕಾದರೆ ಮೂರು ವರ್ಷಕ್ಕೊಮ್ಮೆ 150 ಗಂಟೆಗಳ ನಿರಂತರ ಶಿಕ್ಷಣ ಪಡೆಯಲೇಬೇಕೆಂಬ ನಿಯಮ ಮಾಡಿಕೊಂಡಿತು. ರಾಷ್ಟ್ರಮಟ್ಟದ ಯಾವ ವೈದ್ಯರ ಸಂಘವೂ ಅದಕ್ಕೆ ಮೊದಲು ಹಾಗೆ ಮಾಡಿರಲಿಲ್ಲ.

ಮರುವರ್ಷ, 1948ರಲ್ಲಿ, ಲೈಫ್ ಪತ್ರಿಕೆಯಲ್ಲಿ ಯೂಜೀನ್ ಸ್ಮಿತ್ ಅವರ ಚಿತ್ರಲೇಖನ ‘ಕಂಟ್ರಿ ಡಾಕ್ಟರ್’ ಬಂತು. ಕೊಲರಾಡೊದ ಕ್ರೆಮ್ಲಿಂಗ್ ಎಂಬ ಸಣ್ಣ ಊರಿನ ಡಾಕ್ಟರ್ ಅರ್ನೆಸ್ಟ್ ಚೆರಿಯಾನಿ ಹಗಲಿರುಳು ದುಡಿಯುವುದನ್ನು ಆ ಚಿತ್ರಗಳಲ್ಲಿ ದೇಶವೆಲ್ಲ ನೋಡಿತು. ಮೆಚ್ಚುಗೆಯೇನೋ ಸಿಕ್ಕಿತು, ಆದರೆ ಹೊಸಬರು ಬರಲಿಲ್ಲ. 1966ರಲ್ಲಿ ಮಿಲಿಸ್ ಮತ್ತು ವಿಲ್ಲರ್ಡ್ ಸಮಿತಿಗಳ ವರದಿಗಳು ಹೊರಬಂದು, ಇಡೀ ಮನುಷ್ಯನನ್ನು, ಇಡೀ ಕುಟುಂಬವನ್ನು ನಿರಂತರವಾಗಿ ನೋಡಿಕೊಳ್ಳುವ ವೈದ್ಯರನ್ನು ತರಬೇತಿ ಕೊಟ್ಟೇ ತಯಾರು ಮಾಡಬೇಕೆಂದು ಒತ್ತಿಹೇಳಿದವು. 1967ರಲ್ಲಿ ಕುಟುಂಬ ವೈದ್ಯಕೀಯದ ಅಧ್ಯಾಪಕರು ತಮ್ಮದೇ ಸಂಘ ಕಟ್ಟಿಕೊಂಡರು. ಮಯಾಮಿಯ ಲಿನ್ ಕಾರ್ಮೈಕಲ್ ಅದರ ಮೊದಲ ಅಧ್ಯಕ್ಷರು. ಕಾನ್ಸಾಸ್‌ನ ವಿಚಿಟಾದಲ್ಲಿ ಗೇಲ್ ಸ್ಟೀಫನ್ಸ್ ರೆಸಿಡೆನ್ಸಿ ತರಬೇತಿಗೆ ಒಂದು ಮಾದರಿ ಕಟ್ಟಿದರು.

1969ರಲ್ಲಿ ‘ಫ್ಯಾಮಿಲಿ ಪ್ರಾಕ್ಟೀಸ್’ ಅಮೆರಿಕದ 20ನೇ ಸ್ಪೆಷಾಲಿಟಿಯಾಗಿ ಮಾನ್ಯವಾಯಿತು. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದ ಕೆಂಟಕಿಯ ನಿಕೊಲಸ್ ಪಿಸಕಾನೊ ಈ ಸ್ಪೆಷಾಲಿಟಿಗೆ ಸರ್ಟಿಫಿಕೇಟ್ ಕೊಡುವ ಹೊಸ ಮಂಡಳಿಯ ಕಾರ್ಯಭಾರ ವಹಿಸಿಕೊಂಡರು. ಅಲ್ಲಿ ಕೈಗೊಂಡ ಎರಡು ತೀರ್ಮಾನಗಳನ್ನು ನೆನೆದರೆ ಇವತ್ತಿಗೂ ಹೆಮ್ಮೆಯಾಗುತ್ತದೆ. ಎಷ್ಟೇ ವರ್ಷ ಪ್ರಾಕ್ಟೀಸ್ ಮಾಡಿದ ಹಿರಿಯರಾಗಲಿ, ಪರೀಕ್ಷೆ ಬರೆಯದೆ ಯಾರಿಗೂ ಸರ್ಟಿಫಿಕೇಟ್ ಇಲ್ಲ. ಹಾಗೆ ಪಡೆದ ಸರ್ಟಿಫಿಕೇಟೂ ಜೀವಮಾನಕ್ಕಲ್ಲ. ಕೆಲವು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಕೂರಬೇಕು. ಬೇರೆ ಸ್ಪೆಷಾಲಿಟಿಗಳು ಆಗ ಇಂಥ ಷರತ್ತಿನೊಂದಿಗೆ ಆರಂಭವಾಗಿರಲಿಲ್ಲ. ಮೊದಲ ಪರೀಕ್ಷೆ 1970ರಲ್ಲಿ ನಡೆಯಿತು. 1971ರಲ್ಲಿ ಅಕಾಡೆಮಿ ತನ್ನ ಹೆಸರನ್ನು ‘ಅಮೆರಿಕನ್ ಅಕಾಡೆಮಿ ಆಫ್ ಫ್ಯಾಮಿಲಿ ಫಿಸಿಷಿಯನ್ಸ್’ ಎಂದು ಬದಲಿಸಿಕೊಂಡಿತು.

ಇಷ್ಟು ವಿಷಯ ಪುಸ್ತಕಗಳಲ್ಲಿ ಸಿಗುತ್ತದೆ. ಪತ್ರಾಗಾರಕ್ಕೆ ಹೋಗುವವರು ಅದರಾಚೆಯದನ್ನು ಕೇಳಬೇಕು. ಹಳೆಯ ಡಾಕ್ಟರುಗಳು ಐವತ್ತರ ವಯಸ್ಸಿನಲ್ಲಿ ಪರೀಕ್ಷೆಗೆ ಹೇಗೆ ಒಪ್ಪಿದರು? ಹೆರಿಗೆ, ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗಳು ಅವರ ಕೈಯಿಂದ ಯಾವಾಗ ಜಾರಿದವು? ಮಹಿಳಾ ವೈದ್ಯರಿಗೆ, ಕಪ್ಪು ಜನಾಂಗದ ವೈದ್ಯರಿಗೆ ಈ ಸಂಘಗಳ ಬಾಗಿಲು ಎಷ್ಟು ತೆರೆದಿತ್ತು? ಹೊರದೇಶಗಳಿಂದ ಬಂದವರು ಈ ವೃತ್ತಿಗೆ ಏನು ಕೊಟ್ಟರು?

ನಮ್ಮವರ ಪಾಲು

ಈ ಕೊನೆಯ ಪ್ರಶ್ನೆ ನಮ್ಮದು. ಮೈಸೂರಿನ ವೈದ್ಯಕೀಯ ಕಾಲೇಜು ಆರಂಭವಾದದ್ದು 1924ರಲ್ಲಿ. 1950ರ ದಶಕದಲ್ಲಿ ಮಣಿಪಾಲ, ಬೆಂಗಳೂರು, ಹುಬ್ಬಳ್ಳಿಯ ಕಾಲೇಜುಗಳು, 60ರ ದಶಕದಲ್ಲಿ ಬೆಳಗಾವಿ, ದಾವಣಗೆರೆಯವು ಸೇರಿದವು. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದಾಗ ಇಲ್ಲಿ ವೈದ್ಯರ ಕೊರತೆಯಿತ್ತು, ಅಲ್ಲಿ ಓದಿ ಮುಗಿಸಿದ ಯುವಕ ಯುವತಿಯರಿದ್ದರು. 1994ರಿಂದ, ಡಾಕ್ಟರ ಕೊರತೆಯಿರುವ ಪ್ರದೇಶಗಳಲ್ಲಿ ಮೂರು ವರ್ಷ ಸೇವೆ ಮಾಡಲು ಒಪ್ಪಿದವರಿಗೆ ವೀಸಾ ನಿಯಮದಲ್ಲಿ ವಿನಾಯಿತಿ ಕೊಡಿಸುವ ಅವಕಾಶ ರಾಜ್ಯಗಳಿಗೆ ಸಿಕ್ಕಿತು. ಕಲ್ಲಿದ್ದಲು ಗಣಿಯ ಊರುಗಳಿಗೆ, ಜೋಳ ಬೆಳೆಯುವ ಬಯಲಿಗೆ ಹೊರದೇಶದ ವೈದ್ಯರು ಹೋಗಿ ನೆಲೆಸಿದ್ದು ಹೀಗೆ.

ಇಂಥ ಚರಿತ್ರೆಯನ್ನು ಬರೆಯಬಹುದೆಂಬುದಕ್ಕೆ ಬ್ರಿಟನ್ನಿನಲ್ಲಿ ಪುರಾವೆಯಿದೆ. ಇತಿಹಾಸಕಾರ ಜೂಲಿಯನ್ ಸಿಂಪ್ಸನ್ ದಕ್ಷಿಣ ಏಷ್ಯಾದಿಂದ ಹೋದ ವೈದ್ಯರ ಮಾತುಗಳನ್ನು ಕೇಳಿ ದಾಖಲಿಸಿ, ‘ಮೈಗ್ರಂಟ್ ಆರ್ಕಿಟೆಕ್ಟ್ಸ್ ಆಫ್ ದಿ ಎನ್‌ಎಚ್‌ಎಸ್’ ಎಂಬ ಪುಸ್ತಕವನ್ನು 2018ರಲ್ಲಿ ಪ್ರಕಟಿಸಿದರು. ಕೈಗಾರಿಕಾ ಪಟ್ಟಣಗಳಲ್ಲಿ, ಬೇರೆಯವರು ಬಯಸದ ಕಡೆ ಜನರಲ್ ಪ್ರಾಕ್ಟೀಸನ್ನು ಹಿಡಿದು ನಿಲ್ಲಿಸಿದವರು ಇವರೇ ಎಂದು ಅದು ತೋರಿಸಿಕೊಟ್ಟಿತು. ಸಹಾಯಕ್ಕೆ ಬಂದವರು ಎಂದಷ್ಟೇ ಗುರುತಿಸಲಾಗಿದ್ದ ಜನ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು (ಎನ್‌ಎಚ್‌ಎಸ್) ಕಟ್ಟಿದವರ ಸಾಲಿಗೆ ಬಂದರು. ಅಮೆರಿಕದ ಕನ್ನಡಿಗ ವೈದ್ಯರ ಬಗ್ಗೆಯೂ ಅಂಥದೊಂದು ಕೃತಿ ಬರಬೇಕು.

ಅದಕ್ಕೆ ಮೊದಲು ಮಾಡಬೇಕಾದ ಕೆಲಸ ನಮ್ಮ ಕೈಯಲ್ಲಿದೆ. ರೋಗಿಗಳ ಕಡತಗಳನ್ನು ಯಾರೂ ಮುಟ್ಟಕೂಡದು. ಇಲ್ಲಿನ ಕಾನೂನು ಅವರು ತೀರಿಕೊಂಡ 50 ವರ್ಷಗಳವರೆಗೂ ಆ ಗುಟ್ಟನ್ನು ಕಾಯುತ್ತದೆ, ಕಾಯಬೇಕಾದದ್ದೂ ಸರಿ. ಉಳಿದದ್ದನ್ನೆಲ್ಲ ತೆಗೆದಿಡಿ. ಕ್ಲಿನಿಕ್ ತೆರೆದಾಗಿನ ಫೋಟೋ, ಊರಿನ ಪತ್ರಿಕೆಯಲ್ಲಿ ಬಂದ ಸುದ್ದಿ, ರೆಸಿಡೆನ್ಸಿಗೆ ಬರೆದ ಅರ್ಜಿ, ತಿರಸ್ಕಾರದ ಪತ್ರ, ಅಪ್ಪ ಅಮ್ಮನಿಗೆ ಬರೆದ ನೀಲಿ ಏರೋಗ್ರಾಮ್‌ಗಳು, ಆಸ್ಪತ್ರೆ ಸಭೆಯ ಟಿಪ್ಪಣಿ, ಹಳೆಯ ಸ್ಮರಣ ಸಂಚಿಕೆಗಳು. ಪ್ರತಿಯೊಂದರ ಹಿಂದೆ ಊರು, ವರ್ಷ, ಅದರಲ್ಲಿರುವವರ ಹೆಸರು ಬರೆದಿಡಿ. ಆ ಮೂರು ವಿವರ ಇಲ್ಲದ ಫೋಟೋ ಸಂಶೋಧಕರಿಗೆ ಹೆಚ್ಚು ಹೇಳುವುದಿಲ್ಲ.

ಮಾತಿನ ದಾಖಲೆ ಇನ್ನೂ ತುರ್ತಿನದು. 60, 70ರ ದಶಕಗಳಲ್ಲಿ ಬಂದ ಹಿರಿಯರಲ್ಲಿ ಅನೇಕರು ಈಗ ಎಂಬತ್ತು ದಾಟಿದ್ದಾರೆ. ಪ್ರತಿ ಕೂಟದಲ್ಲಿ ಇಬ್ಬರು ಮೂವರು ಯುವಕರು ಮುಂದೆ ಬಂದು, ಹಿರಿಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಅವರಿಗೆ ಸಲೀಸಾದ ಕನ್ನಡದಲ್ಲೇ ಸಂದರ್ಶನ ಮಾಡಲಿ. ಬಂದದ್ದು ಹೇಗೆ ಎಂಬಲ್ಲಿಗೆ ನಿಲ್ಲಿಸದೆ, ಮೊದಲ ವರ್ಷ ರೋಗಿಗಳು ಒಪ್ಪಿದ್ದು ಹೇಗೆ, ರಾತ್ರಿ ಕರೆ ಬಂದರೆ ಮಕ್ಕಳನ್ನು ಯಾರು ನೋಡಿಕೊಂಡರು, ಫೀಸು ಕೊಡಲಾಗದವರನ್ನು ಏನು ಮಾಡಿದಿರಿ ಎಂದು ಕೇಳಲಿ. ಕ್ಲಿನಿಕ್ಕಿನ ಲೆಕ್ಕ ನೋಡಿ, ಫೋನು ಹಿಡಿದು, ಮನೆಯನ್ನೂ ನಡೆಸಿದ ಹೆಂಡತಿಯರನ್ನು, ತಾವೇ ಡಾಕ್ಟರಾಗಿದ್ದ ಮಹಿಳೆಯರ ಗಂಡಂದಿರನ್ನು ಕೂಡ ಕೂರಿಸಿ ಮಾತಾಡಿಸಲಿ. ಕುಟುಂಬ ವೈದ್ಯರ ಚರಿತ್ರೆಯಲ್ಲಿ ವೈದ್ಯರ ಕುಟುಂಬಕ್ಕೂ ಅಧ್ಯಾಯ ಬೇಕು.

ನಮ್ಮ ಮಕ್ಕಳಲ್ಲಿ ವೈದ್ಯಕೀಯ ಓದುವವರಿದ್ದಾರೆ, ಇತಿಹಾಸ ಓದುವವರೂ ಇದ್ದಾರೆ. ಅವರು ಇಂಥ ಫೆಲೋಶಿಪ್‌ಗೆ ಅರ್ಜಿ ಹಾಕಲಿ. ಅಮೆರಿಕದ ಕುಟುಂಬ ವೈದ್ಯಕೀಯದ ದಾಖಲೆಗಳನ್ನೂ ನಮ್ಮ ಹಿರಿಯರ ಮಾತುಗಳನ್ನೂ ಒಟ್ಟಿಗೆ ಇಟ್ಟು ಓದಲಿ. ಅವರ ಓದಿಗೆ ಬೇಕಾದ ಸಾಮಗ್ರಿ ಒದಗಿಸುವ ಹೊಣೆಯನ್ನು ಕೂಟ ಹೊತ್ತುಕೊಳ್ಳಲಿ. ಮುಂದಿನ ಸ್ಮರಣ ಸಂಚಿಕೆ ಬರುವ ಹೊತ್ತಿಗೆ ಕನಿಷ್ಠ ಒಂದು ಸಂದರ್ಶನವಾದರೂ ನಮ್ಮ ಕಡೆಯಿಂದ ಒಂದು ಪತ್ರಾಗಾರವನ್ನು ಸೇರಿರಬೇಕು.