ತಾಡಪಾಲಿನ ಮೇಲೊಂದು ಕೆರೆ

ಕಳೆದ ಮಳೆಗಾಲದ ಮಾತು. ಮುಂಬಯಿಯ ನಮ್ಮ ಕಟ್ಟಡದ ಟೆರೇಸಿನಲ್ಲಿ ನಾಲ್ಕು ಬೆತ್ತದ ಕುರ್ಚಿ, ಒಂದು ಮೇಜು ಇಟ್ಟಿದ್ದೇನೆ. ಸಂಜೆ ನಾವು ಮೂರ್ನಾಲ್ಕು ಜನ ಹಳಬರು ಕೂತು ಊರ ಸುದ್ದಿ ಮಾತಾಡುವ ಜಾಗ ಅದು. ಜೂನ್ ಬಂತೆಂದರೆ ಎಲ್ಲಕ್ಕೂ ನೀಲಿ ತಾಡಪಾಲು ಹೊದಿಸಿ ಹಗ್ಗ ಬಿಗಿಯುತ್ತೇನೆ. ಕುರ್ಚಿ ನೆನೆಯಲಿಲ್ಲವಲ್ಲ, ಅಷ್ಟು ಸಾಕು ಅಂತ ಹಾಯಾಗಿದ್ದೆ. ಆಗಸ್ಟಿನಲ್ಲಿ ಕೆಳಗಿನ ಮನೆಯ ಹುಡುಗನಿಗೆ ಡೆಂಗ್ಯೂ ಬಂತು. ಪಾಲಿಕೆಯವರು ಬಂದು ಹುಡುಕಿದರೆ, ನನ್ನ ತಾಡಪಾಲಿನ ಹೊಂಡದಲ್ಲೇ ಸೊಳ್ಳೆಮರಿಗಳು ಕುಣಿಯುತ್ತಿದ್ದವು! ಹುಡುಗ ಹುಷಾರಾದ. ಕಚ್ಚಿದ್ದು ಅಲ್ಲಿನ ಸೊಳ್ಳೆಯೇ ಅಂತ ಯಾರೂ ಹೇಳಲಾರರು. ಆದರೂ ಅವನ ತಾಯಿಯ ಮುಖ ನೋಡುವುದು ನನಗೆ ಕಷ್ಟವಾಯಿತು.

ಆ ನಾಚಿಕೆಯಲ್ಲೇ ಈ ಹೊದಿಕೆಯ ಚರಿತ್ರೆ ಕೆದಕಿದೆ.

ಊರಲ್ಲಿ ನಮ್ಮ ಅಜ್ಜನ ಕಾಲಕ್ಕೆ ಗೊರಬು ಇತ್ತು. ಬಿದಿರಿನ ಚೌಕಟ್ಟಿಗೆ ಗರಿ ಹೊದಿಸಿ, ಬೋರಲು ಹಾಕಿದ ದೋಣಿಯ ಹಾಗೆ ಮಾಡಿ ತಲೆಯಿಂದ ಬೆನ್ನಿನ ತನಕ ಹೊದ್ದು ನಾಟಿ ಮಾಡುತ್ತಿದ್ದರು. ಗರಿಯೇನು ಪೂರ್ತಿ ಜಲನಿರೋಧಕವಲ್ಲ. ಆದರೆ ನಡುವಿನ ಏಣಿನಿಂದ ನೀರು ನಿಲ್ಲದೆ ಜಾರುತ್ತಿತ್ತು. ಸೋಗೆ ಮಾಡಿನ ಗುಟ್ಟೂ ಅದೇ.

ಹಡಗಿನವರು ಕ್ಯಾನ್ವಾಸಿಗೆ ಟಾರು ಬಳಿದರು. ಟಾರ್ಪಾಲಿನ್ ಎಂಬ ಹೆಸರು ಅಲ್ಲಿಂದ ಬಂತು. ನಮ್ಮ ಬಾಯಲ್ಲಿ ತಾಡಪಾಲು, ಇಲ್ಲಿ ಮರಾಠಿಯಲ್ಲಿ ತಾಡಪತ್ರಿ. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಸೇರಿಸಿ ಪೇಟೆಂಟ್ ಪಡೆದ. 1933ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್‌ನಲ್ಲಿ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಪಾಲಿಥೀನ್ ಆಕಸ್ಮಿಕವಾಗಿ ಸಿಕ್ಕಿತು. ಇವತ್ತಿನ ನೀಲಿ ಹಾಳೆಗೆ ಅದೇ ಮೂಲ. ಹೀಗೆ ಬಟ್ಟೆ ಸುಧಾರಿಸುತ್ತಾ ಹೋಯಿತು, ನಾವು ಇಳಿಜಾರನ್ನು ಮರೆತೆವು. ಲೀಟರ್ ನೀರಿಗೆ ಒಂದು ಕಿಲೋ ಭಾರ. ಸ್ವಲ್ಪ ನಿಂತರೆ ಹಾಳೆ ಜಗ್ಗುತ್ತದೆ, ಜಗ್ಗಿದಲ್ಲಿ ಇನ್ನಷ್ಟು ನಿಲ್ಲುತ್ತದೆ. ನೀರನ್ನು ಒಳಗೆ ಬಿಡದ ಗುಣವೇ ಅದನ್ನು ಮೇಲೆ ಹಿಡಿದಿಡುತ್ತದೆ ನೋಡಿ!

ಇನ್ನು ಸೊಳ್ಳೆಯ ಕಥೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ಸೇನಾ ವೈದ್ಯ ನಮ್ಮ ಬೆಂಗಳೂರಿನಲ್ಲಿದ್ದ. ತನ್ನ ಬಂಗಲೆಯ ಕಿಟಕಿಯಾಚೆ ನಿಂತ ನೀರಿನಲ್ಲಿ ಸೊಳ್ಳೆಮರಿಗಳನ್ನು ಕಂಡು ಚೆಲ್ಲಿಸಿದ, ಕಾಟ ಇಳಿಯಿತು. ಸೊಳ್ಳೆಯಿಂದ ಮಲೇರಿಯಾ ಹರಡುವುದು ಆಗಿನ್ನೂ ಗೊತ್ತಿರಲಿಲ್ಲ. ಅದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡ. 1902ರಲ್ಲಿ ನೊಬೆಲ್ ಬಂತು. ಮುಂಬಯಿಯ ಮಲೇರಿಯಾ ಕುರಿತು ಡಾ. ಬೆಂಟ್ಲಿ 1911ರಲ್ಲಿ ಕೊಟ್ಟ ವರದಿ ಬಾವಿಗಳತ್ತ ಬೆರಳು ತೋರಿತು. ಮುಂದೆ ಬಾವಿಗಳನ್ನು ಮುಚ್ಚುವ ಕೆಲಸ ನಡೆಯಿತು. ಅಂದು ನೆಲದಲ್ಲಿ ಮುಚ್ಚಿದ್ದನ್ನು ನಾವೀಗ ಟೆರೇಸಿನ ಮೇಲೆ ತೆರೆದಿದ್ದೇವೆ, ಅಷ್ಟೇ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಬಾವಿಯೂ ಬೇಡ, ಹಾಳೆಯ ಒಂದು ಮಡಿಕೆ ಸಾಕು.

ಈ ಸಲ ಮೇಜಿನ ನಡುವೆ ಬಕೆಟ್ ಬೋರಲು ಹಾಕಿ, ಅದರ ಮೇಲಿಂದ ತಾಡಪಾಲು ಇಳಿಬಿಟ್ಟು, ನಾಲ್ಕೂ ಬದಿ ಹಗ್ಗ ಬಿಗಿದಿದ್ದೇನೆ. ಅಂಚು ಕುರ್ಚಿಯ ಕೈಗಳಿಂದ ಕೆಳಗೆ ಜೋತಾಡುವಂತಿದೆ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಹಾಗಾಗಿ ಪ್ರತಿ ಭಾನುವಾರ ಹೋಗಿ ಮಡಿಕೆಗಳನ್ನು ಕೊಡವಿ, ತಿಕ್ಕಿ ಒರೆಸುತ್ತೇನೆ. ಒಣಗಿದರೂ ಈಡಿಸ್‌ನ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತದಂತಲ್ಲ, ಬರೀ ನೀರು ಚೆಲ್ಲಿದರೆ ಸಾಲದು.

ಮೊನ್ನೆ ಆ ಹುಡುಗ ಮೇಲೆ ಬಂದು, "ಅಂಕಲ್, ಇದೇನು ಟೆಂಟಾ?" ಅಂತ ಕೇಳಿದ. ಗೊರಬು ಕಣೋ ಅಂದೆ. ಅವನಿಗೆ ಅರ್ಥವಾಗಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ.