ವಿಜಯನಗರದ ಸಂತೆಬೀದಿಗಳೂ ಪರಸ್ಥಳದವನ ಊಟವೂ

ಹೊಸದಾಗಿ ಒಂದು ಪಟ್ಟಣವನ್ನು ಹೊಕ್ಕವನು ಮೊದಲು ವಿಚಾರಿಸುವ ಸಂಗತಿಗಳು ಎರಡೇ: ಇಳಿದುಕೊಳ್ಳುವುದಕ್ಕೆ ಸ್ಥಳ, ಹಸಿವಿಗೆ ಅನ್ನ. ವಿಜಯನಗರಕ್ಕೆ ಬಂದ ವಿದೇಶೀಯರೂ ಇದಕ್ಕೆ ಹೊರತಾದವರಲ್ಲ. ಅವರು ಬರೆದಿಟ್ಟ ವೃತ್ತಾಂತಗಳನ್ನು ನಮ್ಮ ವಿದ್ವಾಂಸರು ಸೈನ್ಯ, ರಾಜಾದಾಯ, ಮಹಾನವಮಿಯ ಉತ್ಸವ ಮೊದಲಾದ ವಿಷಯಗಳಲ್ಲಿ ಚೆನ್ನಾಗಿ ಶೋಧಿಸಿರುವರು. ಆಹಾರದ ಪೇಟೆಗಳ ವಿಚಾರ ಬಂದಾಗ ಮಾತ್ರ ‘ಸಮೃದ್ಧಿ’ ಎಂಬ ಒಂದು ಮಾತಿನಿಂದ ತೃಪ್ತರಾಗಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಆ ಸಮೃದ್ಧಿಯು ಎಂತಹದು, ಯಾವ ದಾರಿಯಿಂದ ಬಂದುದು, ಯಾರ ಪಾಲಿಗೆ ಅಗ್ಗವಾಗಿದ್ದುದು ಎಂಬುದನ್ನು ಆ ಬರಹಗಳಿಂದಲೇ ಸ್ವಲ್ಪಮಟ್ಟಿಗೆ ಅರಿಯಬಹುದೆಂದು ನನಗೆ ತೋರುತ್ತದೆ.

ಇಲ್ಲಿ ಮುಖ್ಯವಾದ ಸಾಕ್ಷಿಗಳು ಇಬ್ಬರು ಪೋರ್ಚುಗೀಸರು. ದೊಮಿಂಗೊ ಪಾಯೆಸನು ಸುಮಾರು 1520-22ರಲ್ಲಿ, ಕೃಷ್ಣದೇವರಾಯನು ಆಳುತ್ತಿದ್ದಾಗ, ನಗರವನ್ನು ಕಂಡವನು. ಫೆರ್ನಾವೊ ನೂನಿಜನು ಸುಮಾರು 1535-37ರಲ್ಲಿ, ಅಚ್ಯುತರಾಯನ ಕಾಲದಲ್ಲಿ, ಅಲ್ಲಿದ್ದವನು. ಇವರ ಮೂಲಗ್ರಂಥವನ್ನು ಡೇವಿಡ್ ಲೋಪೆಸನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದನು; ರಾಬರ್ಟ್ ಸ್ಯೂಯೆಲನ ಇಂಗ್ಲಿಷ್ ಭಾಷಾಂತರವು 1900ರಲ್ಲಿ ಹೊರಬಿದ್ದಿತು.

ಪಾಯೆಸನ ದೃಷ್ಟಿಯಲ್ಲಿ ಪ್ರಪಂಚದಲ್ಲಿ ಇಷ್ಟು ಚೆನ್ನಾಗಿ ಆಹಾರ ಒದಗಿದ ಪಟ್ಟಣ ಮತ್ತೊಂದಿಲ್ಲ. ಅಕ್ಕಿ, ಗೋಧಿ, ಜೋಳ, ಹೆಸರು, ಹುರುಳಿ, ಇತರ ಬೇಳೆಕಾಳುಗಳು ರಾಶಿರಾಶಿಯಾಗಿದ್ದುವೆಂದೂ, ಗೋಧಿಯನ್ನು ಮುಸಲ್ಮಾನರ ಹೊರತು ಉಳಿದವರು ತಿನ್ನದ ಕಾರಣ ಅದು ಅಷ್ಟಾಗಿ ದೊರೆಯದೆಂದೂ ಹೇಳುತ್ತಾನೆ. (ಸ್ಯೂಯೆಲನ ಭಾಷಾಂತರದಲ್ಲಿ ಬರುವ ಜೋಳದ ಹೆಸರನ್ನು ನೋಡಿ ಅದನ್ನು ಅಮೆರಿಕದಿಂದ ಬಂದ ಮೆಕ್ಕೆಜೋಳವೆಂದು ಭಾವಿಸಕೂಡದು, ನಮ್ಮ ನಾಡಿನ ಜೋಳವೆಂದೇ ತಿಳಿಯತಕ್ಕದ್ದು.) ದಿನದಿನವೂ ಬರುತ್ತಿದ್ದ ನಿಂಬೆಯ ಹೇರುಗಳು, ಸಿಹಿ ಹುಳಿ ಕಿತ್ತಳೆಗಳು, ಬದನೆ, ತೋಟದ ಕಾಯಿಪಲ್ಯಗಳು ಅವನನ್ನು ಬೆರಗುಗೊಳಿಸಿದುವು. ಪ್ರತಿ ಶುಕ್ರವಾರ ಹಂದಿ, ಕೋಳಿ, ಸಮುದ್ರದಿಂದ ಬಂದ ಒಣಮೀನುಗಳ ಸಂತೆ ಕೂಡುತ್ತಿದ್ದಿತು; ವಾರದ ಉಳಿದ ದಿನಗಳಲ್ಲಿಯೂ ಊರಿನ ಒಂದಲ್ಲ ಒಂದು ಭಾಗದಲ್ಲಿ ಸಂತೆಯಿರುತ್ತಿದ್ದಿತು. ಅಲ್ಲಿ ಮಾರುತ್ತಿದ್ದ ಕೆಲವು ಪದಾರ್ಥಗಳ ಹೆಸರು ತನಗೆ ಗೊತ್ತಿಲ್ಲವೆಂದು ಅವನೇ ಒಪ್ಪಿಕೊಂಡಿರುವನು. ನೂನಿಜನಾದರೋ ದ್ರಾಕ್ಷಿ, ದಾಳಿಂಬೆ, ಹಲಸು, ಮಾವುಗಳನ್ನು ಹೇಳಿ, ಬೇಟೆಯ ಪ್ರಾಣಿಪಕ್ಷಿಗಳನ್ನು ಜೀವಸಹಿತವಾಗಿಯೇ ಮಾರುತ್ತಿದ್ದರೆಂದು ಬರೆಯುತ್ತಾನೆ. ಕೊಳ್ಳುವವನಿಗೆ ತಾನು ಕೊಳ್ಳುವುದು ಏನೆಂಬುದು ತಿಳಿಯಬೇಕೆಂಬುದೇ ಅದರ ಉದ್ದೇಶವಂತೆ. ಇಲಿ, ಹಲ್ಲಿಗಳ ಜಾತಿಯವೂ ಆ ಪೇಟೆಯಲ್ಲಿದ್ದುವೆಂಬ ಅವನ ಮಾತನ್ನು ನಮ್ಮ ಪಠ್ಯಪುಸ್ತಕಗಳು ಸಂಕೋಚದಿಂದ ಬಿಟ್ಟುಬಿಡುವುದುಂಟು. ಬಿಡಬೇಕಾದ ಕಾರಣ ಕಾಣಬರುವುದಿಲ್ಲ.

ಇನ್ನು ಬೆಲೆಗಳು. ನಗರದೊಳಗೆ ಒಂದು ವಿಂತೆಂ ಬೆಲೆಯ ನಾಣ್ಯಕ್ಕೆ ಮೂರು ಕೋಳಿ, ಹೊರಗೆ ನಾಲ್ಕು ಎಂದು ಪಾಯೆಸನ ಲೆಕ್ಕ. ಒಂದು ಪರ್ದಾವೊವಿಗೆ, ಎಂದರೆ ನಮ್ಮ ವರಹಕ್ಕೆ, ಪೇಟೆಯಲ್ಲಿ ಹನ್ನೆರಡು ಕುರಿ, ಗುಡ್ಡಗಾಡಿನಲ್ಲಿ ಹದಿನಾಲ್ಕು ಹದಿನೈದು ಎಂದು ನೂನಿಜನ ಲೆಕ್ಕ. ಈ ಎರಡನ್ನೂ ಅಗ್ಗಕ್ಕೆ ನಿದರ್ಶನವಾಗಿ ಎತ್ತಿಹೇಳುವವರು ಒಂದು ಅಂಶವನ್ನು ಗಮನಿಸುವುದಿಲ್ಲ. ಪಟ್ಟಣಿಗನು ಕೋಳಿಗೆ ಹಳ್ಳಿಯವನಿಗಿಂತ ಮೂರರಲ್ಲೊಂದು ಪಾಲು ಹೆಚ್ಚಾಗಿ ತೆರುತ್ತಿದ್ದನು. ಕುರಿಯು ತನ್ನ ಕಾಲಿನಿಂದಲೇ ನಡೆದುಬರುವ ಸರಕು. ಅದರ ಬೆಲೆಯೂ ಆರರಲ್ಲೊಂದರಿಂದ ನಾಲ್ಕರಲ್ಲೊಂದು ಪಾಲಿನವರೆಗೆ ಏರುತ್ತಿದ್ದಿತು.

ಈ ಏರಿಕೆಗೆ ಕಾರಣವನ್ನೂ ನೂನಿಜನೇ ಹೇಳಿರುವನು. ನಗರಕ್ಕೆ ಬೇಕಾದ ಸಮಸ್ತವೂ ಹೊರಗಿನಿಂದ ಹೇರೆತ್ತುಗಳ ಮೇಲೆ ಬರಬೇಕಾಗಿದ್ದಿತು. ದಿನಕ್ಕೆ 2000 ಎತ್ತುಗಳು ದ್ವಾರಗಳನ್ನು ಹಾಯುತ್ತಿದ್ದುವು. ಒಂದೊಂದಕ್ಕೆ ಮೂರು ವಿಂತೆಂ ಸುಂಕ. ಕೊಂಬಿಲ್ಲದ ಬೋಳೆತ್ತುಗಳಿಗೆ ಮಾತ್ರ ರಾಜ್ಯದಲ್ಲೆಲ್ಲಿಯೂ ಸುಂಕವಿರಲಿಲ್ಲ. (ಹಾಗಿದ್ದ ಮೇಲೆ ಬೋಳೆತ್ತುಗಳಿಗೆ ಎಷ್ಟು ಗಿರಾಕಿಯಿದ್ದಿರಬೇಕು!) ದ್ವಾರವನ್ನು ವರ್ಷಕ್ಕೆ 12,000 ಪರ್ದಾವೊಗಳಿಗೆ ಗುತ್ತಿಗೆ ಕೊಟ್ಟಿದ್ದರು, ಗುತ್ತಿಗೆದಾರನು ಕೇಳಿದಷ್ಟನ್ನು ಕೊಡದೆ ಊರವನಾಗಲಿ ಪರದೇಶಿಯಾಗಲಿ ಒಳಹೋಗುವಂತಿರಲಿಲ್ಲ.

ಮೇಲಿನ ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡೋಣ. ಪರ್ದಾವೊವಿಗೆ 360 ರೇಯಿಸ್, ವಿಂತೆಮಿಗೆ 20. ಆದುದರಿಂದ ಹದಿನೆಂಟು ವಿಂತೆಮಿಗೆ ಒಂದು ಪರ್ದಾವೊ. ಹನ್ನೆರಡು ಕುರಿಗೆ ಹದಿನೆಂಟು ವಿಂತೆಂ ಎಂದಮೇಲೆ ಕುರಿಯೊಂದಕ್ಕೆ ಒಂದೂವರೆ. ಒಂದು ಎತ್ತಿನ ಸುಂಕವು ಪೇಟೆಯ ಎರಡು ಕುರಿಗಳ, ಅಥವಾ ಒಂಬತ್ತು ಕೋಳಿಗಳ ಬೆಲೆಗೆ ಸಮನಾಯಿತು! ಹೀಗೆ ತೆತ್ತು ಬಂದ ಹೇರಿನಲ್ಲಿದ್ದ ಧಾನ್ಯವನ್ನು ಅತ್ಯಲ್ಪ ಬೆಲೆಗೆ ಮಾರಲು ಸಾಧ್ಯವಾಗುತ್ತಿದ್ದಿತೆಂದು ನಂಬುವುದು ಕಷ್ಟ. ಮತ್ತೊಂದು ಸಂಗತಿ: 2000 ಎತ್ತುಗಳಿಂದ ದಿನಕ್ಕೆ 6000 ವಿಂತೆಂ, ಎಂದರೆ ಸುಮಾರು 333 ಪರ್ದಾವೊ ಕೂಡಬೇಕು; ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರವನ್ನು ಮೀರುತ್ತದೆ. ಗುತ್ತಿಗೆಯಾದರೋ ಅದರ ಹತ್ತನೆಯ ಒಂದು ಪಾಲು. ಗುತ್ತಿಗೆಯು ಅನೇಕ ದ್ವಾರಗಳಲ್ಲಿ ಒಂದಕ್ಕೆ ಮಾತ್ರ ಸಂಬಂಧಿಸಿದ್ದೆಂದು ಸಮಾಧಾನ ಹೇಳಬಹುದು. ನನಗೆ ತೋರುವಮಟ್ಟಿಗೆ, ಎತ್ತುಗಳ ಸಂಖ್ಯೆಯು ಎಣಿಸಿ ಹೇಳಿದ್ದಲ್ಲ; ದಾರಿಗಾಣದಷ್ಟು ಹೇರೆತ್ತುಗಳೆಂದು ಪಾಯೆಸನು ಹೇಳಿದ್ದನ್ನೇ ಇವನು ಅಂಕಿಯಲ್ಲಿ ಹೇಳಿರುವನು. ಆದರೆ ಸುಂಕದ ದರದಲ್ಲಿ ಅತಿಶಯೋಕ್ತಿಗೆ ಅವಕಾಶ ಕಡಿಮೆ. ಅದು ದ್ವಾರದಲ್ಲಿ ಕೈಯಿಂದ ತೆರಬೇಕಾದ ಹಣ.

ಹಾಗಾದರೆ ಅಗ್ಗವು ಯಾರಿಗೆ? ಪೋರ್ಚುಗೀಸರಿಗೂ ವಿಜಯನಗರಕ್ಕೂ ಇದ್ದ ನಂಟು ಮುಖ್ಯವಾಗಿ ಕುದುರೆಗಳ ವ್ಯಾಪಾರದ್ದು. ಚಿನ್ನದ ನಾಣ್ಯವನ್ನು ಕೈಯಲ್ಲಿ ಹಿಡಿದು, ತಮ್ಮ ದೇಶದ ಪೇಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ತೂಗಿನೋಡಿದವರಿಗೆ ಎಲ್ಲವೂ ಅಗ್ಗವಾಗಿ ಕಂಡುದು ಸಹಜ. ಸಾಮಾನ್ಯ ಜನರ ಆಹಾರವೆಂದು ಪಾಯೆಸನು ಕೆಲವು ಕಾಳುಗಳನ್ನು ಹೆಸರಿಸಿ, ಮಿಕ್ಕವನ್ನು ‘ಇತರ ಬೀಜಗಳು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ರಾಗಿಯ ಹೆಸರು ಅಲ್ಲಿಲ್ಲ. ಅದೇ ಶತಮಾನದಲ್ಲಿದ್ದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ವ್ಯಾಜ್ಯ ಹೂಡಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ರಾಗಿಯನ್ನೇ ಗೆಲ್ಲಿಸಿರುವರು. ಪರದೇಶಿಯ ಪಟ್ಟಿಯಲ್ಲಿ ಕಾಣದ ಧಾನ್ಯವು ನಾಡಿನ ಕಾವ್ಯದಲ್ಲಿ ನಾಯಕನಾಗಿದೆ. ಪೇಟೆಯ ಚಿತ್ರವನ್ನು ಈ ಇಬ್ಬರಿಂದ ಮಾತ್ರವೇ ಬರೆಯಹೊರಡುವವರು ಇದನ್ನು ನೆನಪಿನಲ್ಲಿಡಬೇಕು.

ಇನ್ನು ಬೇಯಿಸಿದ ಅನ್ನದ ವಿಚಾರ. ಈ ಎರಡು ವೃತ್ತಾಂತಗಳಲ್ಲಿ ಅನ್ನವನ್ನು ಮಾರುವ ಅಂಗಡಿಯ ಪ್ರಸ್ತಾಪವು ನನಗೆ ದೊರೆಯಲಿಲ್ಲ. 1443ರಲ್ಲಿ ಬಂದ ಅಬ್ದುರ್ ರಜಾಕನು ಪೇಟೆಗಳನ್ನು ಹೊಗಳುತ್ತಾನೆ. ಗುಲಾಬಿ ಹೂವು ಆ ಜನರಿಗೆ ಅನ್ನದಷ್ಟೇ ಆವಶ್ಯಕವೆನ್ನುತ್ತಾನೆ. ಆದರೆ ಅವನ ಊಟವು ಅರಮನೆಯ ಉಗ್ರಾಣದಿಂದ ಬಂದುದು: ದಿನಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಹ. ರಾಯಭಾರಿಗೂ ಕೊಟ್ಟುದು ಪಡಿಯೇ ಹೊರತು ಅಡಿಗೆಯಲ್ಲವೆಂಬುದನ್ನು ಗಮನಿಸಬೇಕು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ರಚಿಸಿದ ‘ಸೂಪಶಾಸ್ತ್ರ’ದಲ್ಲಿ ಭಕ್ಷ್ಯಪಾನಗಳೂ ಬದನೆ ಹಲಸುಗಳ ಪಾಕಗಳೂ ವಿಸ್ತಾರವಾಗಿ ಬಂದಿವೆ, ಆದರೆ ಅದು ಮನೆಯ ಅಡಿಗೆ, ಪೇಟೆಯದಲ್ಲ. ಶಾಸನಗಳು ಅನ್ನಸತ್ರ, ಅರವಟ್ಟಿಗೆಗಳನ್ನು ಹೇಳುತ್ತವೆ. ಅಲ್ಲಿ ಅನ್ನವೂ ನೀರೂ ದಾನದ ವಸ್ತುಗಳು. ಮೌನದಿಂದ ಅಭಾವವನ್ನು ಸಾಧಿಸಲಾಗದು. ಬುಟ್ಟಿಯಲ್ಲಿ ಕಜ್ಜಾಯ ಹೊತ್ತು ಮಾರುವವಳನ್ನು ಕುದುರೆಯ ವ್ಯಾಪಾರಿಯು ಬರೆದಿಡಬೇಕೆಂಬ ನಿಯಮವೇನಿದೆ? ಆದರೂ ಧಾನ್ಯವು ಮಾರುವುದಕ್ಕೆ, ಅನ್ನವು ನೀಡುವುದಕ್ಕೆ ಎಂಬ ವಿಭಾಗವು ಆ ಕಾಲದಲ್ಲಿ ಬಲವಾಗಿತ್ತೆಂದು ಊಹಿಸಲು ಆಧಾರವುಂಟು. ಊಟವಾದ ಮೇಲಿನ ತಾಂಬೂಲಕ್ಕಾದರೆ ಒಂದು ಬೀದಿಯೇ ಇದ್ದಿತು: ಇಮ್ಮಡಿ ದೇವರಾಯನು 1426ರಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದುದು ಎಲೆಯಡಿಕೆಯ ಅಂಗಡಿಬೀದಿಯಲ್ಲಿ ಎಂದು ಶಾಸನದಲ್ಲಿದೆ.

ಕಮಲಾಪುರದ ಕಡೆಯಲ್ಲಿ, ಕಾಲುವೆಯ ಎರಡು ಪಕ್ಕಗಳಲ್ಲಿಯೂ ತಟ್ಟೆ ಬಟ್ಟಲುಗಳ ಗುಳಿಗಳನ್ನು ಕೊರೆದ ಕಲ್ಲುಗಳ ಸಾಲೊಂದು ಇಂದಿಗೂ ಇದೆ, ಅದನ್ನು ಭೋಜನಶಾಲೆಯೆನ್ನುವರು. ಅನೇಕರು ಸಾಲಾಗಿ ಕುಳಿತು ಉಣ್ಣುವುದಕ್ಕೆ ಮಾಡಿದ ಸ್ಥಳವೆಂಬುದು ಅದರ ರಚನೆಯಿಂದ ಸ್ಪಷ್ಟ. ಅಂಗಡಿಯೆನ್ನುವುದಕ್ಕಿಂತ ಪಂಕ್ತಿಯೆನ್ನುವುದೇ ಅದಕ್ಕೆ ಒಪ್ಪುತ್ತದೆ. ಸುಂಕದ ಶಾಸನಗಳಲ್ಲಿ ಹೇರಿನ ಲೆಕ್ಕದಿಂದ ಹೇಳಿರುವ ದರಗಳನ್ನು ನೂನಿಜನ ಮೂರು ವಿಂತೆಮಿನೊಡನೆ ಹೋಲಿಸುವ ಕೆಲಸವು ಇನ್ನೊಂದು ಲೇಖನಕ್ಕೆ ಸೇರತಕ್ಕದ್ದು.